ಹಾಜಿ ಖೋಜಲಿಯವರ ಪಾಳಿಯ ನೀರು

ನೀರೆತ್ತುವ ಎಂಜಿನ್ ರಿಪೇರಿಯಾದ ಬೆಳಿಗ್ಗೆಯೇ ಹಾಜಿ ಖೋಜಲಿ ತೀರಿಕೊಂಡರು. ಸಾಯುವವರು ಯಾರನ್ನೂ ಕೇಳಿಕೊಂಡು ಸಾಯುವುದಿಲ್ಲ, ಒಪ್ಪೋಣ. ಆದರೂ ಇನ್ನೊಂದೆರಡು ದಿನ ತಡೆದಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಬತೂಲ್‌ಗೆ ಅನ್ನಿಸಿತು. ಅನ್ನಿಸಿದ ಮರುಕ್ಷಣವೇ ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಊರಿನಲ್ಲಿ ಅವಳ ಪರ ನಿಂತಿದ್ದವರು ಅವರೊಬ್ಬರೇ.

ನೈಲ್ ದಂಡೆಯ ತುರೇರಾ ಊರಿನಲ್ಲಿ ಒಂದು ಕಟ್ಟು ಇದೆ. ಕಾಲುವೆಗೆ ಸೇರಿದ ಮನೆಯಲ್ಲಿ ಸಾವಾದರೆ, ಆ ಮನೆಯ ಮುಂದೆ ಗಂಡಸರಿಗಾಗಿ ಹಾಸಿದ ಚಾಪೆಗಳನ್ನು ಮೂರನೆಯ ದಿನದ ಸಂಜೆ ಎತ್ತುವ ತನಕ ಎಂಜಿನ್ ಕೂಗಬಾರದು. ಅತ್ತು ಕೂತವರ ತಲೆಯ ಮೇಲೆ ಎಂಜಿನ್ ಗುಡುಗಿಸುವುದೆಂದರೆ ಸತ್ತವನು ಹೋದದ್ದೇ ಒಳ್ಳೆಯದಾಯಿತು ಎಂದು ಸಾರಿದ ಹಾಗೆ. ಎತ್ತು ತಿರುಗಿಸುವ ನೀರಿನ ಚಕ್ರಗಳಿದ್ದ ಕಾಲದಿಂದಲೂ ಇದು ಹೀಗೇ ನಡೆದುಕೊಂಡು ಬಂದಿದೆ. ಇದನ್ನು ಮೀರಿದವರ ಹೆಸರು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ಮೀರಿರಲಿಲ್ಲ.

ಆದರೆ ಬತೂಲಳ ಅವರೆ ಹೊಲಕ್ಕೆ ಮೂರು ದಿನ ಕಾಯುವ ತ್ರಾಣ ಇರಲಿಲ್ಲ. ಎಂಜಿನ್ನಿನ ಬೇರಿಂಗ್ ಒಡೆದು, ಹೊಸದು ಪಟ್ಟಣದಿಂದ ಬರುವ ಹೊತ್ತಿಗೆ ಒಂದು ಸುತ್ತು ನೀರು ಪೂರಾ ತಪ್ಪಿಹೋಗಿತ್ತು. ಸರಿಯಾಗಿ ಹೂ ಬಿಡುವ ಕಾಲ. ಚಳಿಗಾಲದ ನಡುವೆ ಬರಬಾರದ ಬಿಸಿಗಾಳಿ ಬೇರೆ ಮರುಭೂಮಿ ಕಡೆಯಿಂದ ಎದ್ದಿತ್ತು. ಎಲೆ ಸುರುಟಿಕೊಂಡಿದ್ದವು. ಬಿಳಿ ಹೂಗಳ ಅಂಚು ಕಂದುತ್ತಿತ್ತು.

ಬೇರೆಯವರಿಗೆ ಹೋದರೆ ಒಂದು ಬೆಳೆ ಹೋಗುತ್ತಿತ್ತು, ಅಷ್ಟೇ. ಬತೂಲ್‌ಗೆ ನೆಲವೇ ಹೋಗುತ್ತಿತ್ತು. ಅಪ್ಪ ಸತ್ತಾಗ ನದಿದಂಡೆಯ ಹೊಲದಲ್ಲಿ ಅವಳಿಗೂ ಪಾಲು ಬಂದಿತ್ತು. ಅಂಥ ಪಾಲನ್ನು ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು, ಖರ್ಜೂರದ ಕಾಲದಲ್ಲಿ ಒಂದು ಬುಟ್ಟಿ ಹಣ್ಣು ಬಂದರೆ ಅದನ್ನೇ ದೊಡ್ಡದು ಮಾಡಿಕೊಂಡು ಸುಮ್ಮನಿರುವುದು ರೂಢಿ. ಬತೂಲ್ ಹಾಗಿರಲಿಲ್ಲ. ಗಂಡ ಪೋರ್ಟ್ ಸುಡಾನಿನ ಹಡಗುಕಟ್ಟೆಯಲ್ಲಿ, ಅವನು ಮುಖ ತೋರಿಸುವುದು ಖರ್ಜೂರ ಕೊಯ್ಯುವಾಗ. ತನ್ನ ಪಾಲು ತನಗೆ ಬೇಕು ಎಂದು ಅವಳು ಅಣ್ಣ ತಾಜಸ್ಸಿರ್‌ನ ಅಂಗಳದಲ್ಲಿ ನಿಂತು ಕೇಳಿದ್ದಳು.

ತಾಜಸ್ಸಿರ್ ಜಗಳಗಂಟನಲ್ಲ. ನಗುನಗುತ್ತಲೇ ಕುತ್ತಿಗೆ ಹಿಚುಕುವ ಜಾತಿಯವನು.

"ಆಯ್ತು ತಂಗಿ, ತಗೋ," ಎಂದಿದ್ದ, ಊರಿನ ನಾಲ್ಕು ಜನರ ಎದುರಿಗೆ. "ಮೇಲಿನ ತುಂಡು ನಿಂದು. ಒಂದು ಚಳಿಗಾಲ ಬೆಳೆದು ತೋರ್ಸು. ಹಸಿರು ನಿಂತ್ರೆ ನಿನ್ನ ಹೆಸರಲ್ಲೇ ಇರ್ಲಿ, ನಾನು ಕಣ್ಣೆತ್ತಿ ನೋಡಲ್ಲ. ಒಣಗಿದ್ರೆ ಮಾತ್ರ ವಾಪಸ್ಸು ನನ್ನ ಹೊಲಕ್ಕೆ ಸೇರುತ್ತೆ. ಆಮೇಲೆ ಅಳಬಾರದು."

ಮೇಲಿನ ತುಂಡು ಎಂದರೆ ಮರಳು ಬೆರೆತ, ಕಾಲುವೆಯ ಬಾಲಕ್ಕಿದ್ದ ನೆಲ. ಅಲ್ಲಿಗೆ ನೀರು ಮುಟ್ಟುವ ಹೊತ್ತಿಗೆ ಅರ್ಧ ನೀರನ್ನು ಕಾಲುವೆಯೇ ಕುಡಿದಿರುತ್ತಿತ್ತು. ಬತೂಲ್ ಮಾತಿಗೆ ಒಪ್ಪಿದಳು. ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಆದರೆ ಎಂಜಿನ್ನಿನಲ್ಲಿ ಪಾಳಿ ಬೇಕಲ್ಲ. ಐದು ಮನೆಯವರು ಖರ್ಜೂರ ಮಾರಿ ತಂದ ಎಂಜಿನ್ ಅದು. ಅದು ಬಂದ ಮೇಲೆ ತುರೇರಾದ ಮುಖಚರ್ಯೆಯೇ ಬದಲಾಗಿತ್ತು. ಮೊದಲು ನೈಲ್ ಉಕ್ಕಿ ಇಳಿದಾಗ ಒದ್ದೆ ದಂಡೆಯಲ್ಲಿ, ಎತ್ತಿನ ಚಕ್ರ ಎತ್ತಿದಷ್ಟು ನೀರಿನಲ್ಲಿ ಬಂದಷ್ಟೇ ಬೆಳೆ. ಈಗ ಚಳಿಗಾಲಕ್ಕೆ ಅವರೆ, ಗೋಧಿ, ಈರುಳ್ಳಿ, ಬೇಸಿಗೆಗೆ ಆಡುಗಳಿಗೆ ಹಸಿರು ಮೇವು. ಮನೆಗಳಿಗೆ ನೀಲಿ ಬಣ್ಣದ ಬಾಗಿಲು ಬಂದವು. ಹೆಣ್ಣು ಕೊಡುವವರು ಈ ಊರಿಗೆ ಎರಡು ಸಲ ಯೋಚಿಸದೆ ಕೊಡುವ ಹಾಗಾಯಿತು. ಅದರ ಜೊತೆಗೆ ಎಂಜಿನ್ನಿನ ಗೋಳೂ ಬಂತು. ಪ್ರವಾಹ ಬಂದರೆ ನದಿ ದಂಡೆಯನ್ನೇ ಕೊರೆದು ನುಂಗುತ್ತಿತ್ತು. ಎಂಜಿನ್ ಗುಡಿಸಲನ್ನು ಆಗಲೇ ಹಿಂದಕ್ಕೆ ಹಿಂದಕ್ಕೆ ಕಟ್ಟಿದ್ದರು, ಪ್ರತಿ ಸಲವೂ ಯಾರದಾದರೂ ಖರ್ಜೂರದ ಮರ ನೀರಿಗೆ ಹೋಗಿತ್ತು. ಚಳಿಗಾಲದಲ್ಲಿ ಅದೇ ನದಿ ಮುನಿಸಿಕೊಂಡು ದೂರ ಸರಿಯುತ್ತಿತ್ತು, ಎಲ್ಲರೂ ಸೇರಿ ಮರಳು ತೋಡಿ ಪೈಪು ಉದ್ದ ಮಾಡಬೇಕಿತ್ತು. ಡೀಸೆಲ್ ಲಾರಿ ಮನಸ್ಸು ಬಂದಾಗ ಬರುತ್ತಿತ್ತು. ಒಂದು ಬೇರಿಂಗ್ ಹೋದರೆ ಐದು ಮನೆಯವರು ತಲೆ ಮೇಲೆ ಕೈ ಹೊತ್ತು ಕೂರಬೇಕು. ಆಕಾಶ ನೋಡಿ ಏನೂ ಪ್ರಯೋಜನವಿಲ್ಲ, ಆ ಕಡೆ ಮಳೆ ಎನ್ನುವ ಪದಾರ್ಥವೇ ಇಲ್ಲ.

ಹೆಂಗಸಿಗೆ ಪಾಳಿ ಕೊಡಬಾರದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೆಮ್ಮಿದರು, ಗಡ್ಡ ಕೆರೆದುಕೊಂಡರು, ಟೀ ಊದಿ ಆರಿಸಿಕೊಂಡರು. ಕಾಲುವೆಯ ಹಿರಿಯರಾದ ಹಾಜಿ ಖೋಜಲಿ ಎಲ್ಲರನ್ನೂ ನೋಡಿ, "ಎಂಜಿನ್ನಿಗೆ ಗಂಡು ಹೆಣ್ಣು ಗೊತ್ತಾಗಲ್ರಪ್ಪ, ಡೀಸೆಲ್ ಮಾತ್ರ ಗೊತ್ತಾಗುತ್ತೆ. ನನ್ನ ಪಾಳಿ ಮುಗಿದ ಮೇಲೆ ಬತೂಲ್ ಪಾಳಿ. ಮುಗೀತು ಮಾತು," ಎಂದಿದ್ದರು.

ಅದಕ್ಕೇ ಮೊದಲ ದಿನವೆಲ್ಲ ಅವಳು ಖೋಜಲಿಯವರ ಹೆಂಡತಿ ಸಿತ್ತನಾಳ ಪಕ್ಕದಲ್ಲಿ, ಹೆಂಗಸರ ಕೋಣೆಯಲ್ಲಿ ಕೂತಿದ್ದಳು. ನಿಜವಾಗಿಯೇ ಅತ್ತಳು. ಹಾಗೆ ಅಳುತ್ತಿರುವಾಗಲೇ ಅವಳ ತಲೆಯ ಇನ್ನೊಂದು ಮೂಲೆ ಹೊಲದಲ್ಲಿತ್ತು. ಬಿಸಿಗಾಳಿ ಕಿಟಕಿಯ ಬಾಗಿಲನ್ನು ಬಡಿದಾಗಲೆಲ್ಲ ಹೂ ಉದುರಿದ ಹಾಗೆ ಅವಳಿಗೆ ಕೇಳಿಸುತ್ತಿತ್ತು. ಸಿತ್ತನಾ ಸೀರೆಯಂಥ ಬಿಳಿ ತೋಬು ಹೊದ್ದು, ಗೋಡೆಗೆ ಮುಖ ಮಾಡಿ ಕೂತಿದ್ದಳು. ಗಂಡ ಸತ್ತವಳು, ಇನ್ನು ಅವಳು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ. ಯಾರು ಏನು ತಂದುಕೊಟ್ಟರೂ ಅವಳು ಬಾಯಿಗೆ ಹಾಕಿಕೊಳ್ಳಲಿಲ್ಲ.

"ಅಕ್ಕಾ, ಎಂಜಿನ್..." ಎಂದು ಬತೂಲ್ ಒಂದು ಸಲ ಬಾಯಿ ತೆರೆದಳು.

"ಏನು?"

"ಏನಿಲ್ಲ. ಒಂದು ಲೋಟ ಟೀ ಕುಡಿ."

ಆ ಸಂಜೆ ಮನೆಗೆ ಹೋಗುವಾಗ ಅವಳು ಎಂಜಿನ್ ನಡೆಸುವ ಕರ್ರಾರ್‌ನನ್ನು ಹಾದಿಯಲ್ಲಿ ತಡೆದಳು. ಕರ್ರಾರ್ ಒಳ್ಳೆಯವನೇ, ಆದರೆ ಎಂಜಿನ್ ಬಿಟ್ಟು ಬೇರೆಲ್ಲದಕ್ಕೂ ಹೆದರುವವನು.

"ನಾಳೆ ಬೆಳಿಗ್ಗೆ ಒಂದು ಹೊತ್ತು ಹಾಕ್ಕೊಡೋ. ಎಂಜಿನ್ ಕೆಟ್ಟಿದ್ದಕ್ಕೆ ಹಾಜಿಯವರ ಪಾಳಿ ಅರ್ಧಕ್ಕೇ ನಿಂತಿದೆ. ಅದಾದ್ಮೇಲೆ ನಂದು."

"ಬತೂಲಕ್ಕಾ, ನಿನಗೇನು ತಲೆ ಕೆಟ್ಟಿದೆಯಾ? ಅವರ ಮಗ ಹಾತಿಮ್ ಅಟ್ಬರಾದಿಂದ ಈಗಷ್ಟೇ ಬಂದಿಳಿದಿದ್ದಾನೆ. ಮಣ್ಣಿಗೂ ಸಿಗಲಿಲ್ಲ ಪಾಪ. ಗೋರಿ ಹತ್ರ ಬಿದ್ದು ಹೊರಳಾಡ್ತಿದ್ದಾನೆ. ನಾನು ಎಂಜಿನ್ ಹಾಕಿದ್ರೆ ನನ್ನನ್ನ ಆ ಗೋರಿ ಪಕ್ಕದಲ್ಲೇ ಮಲಗಿಸ್ತಾನೆ."

"ನನ್ನ ಹೊಲ ಹೋಗುತ್ತೆ ಕಣೋ."

"ಗೊತ್ತಕ್ಕಾ. ಇಡೀ ಊರಿಗೇ ಗೊತ್ತು." ಅವನು ಕಾಲಿನ ಹೆಬ್ಬೆರಳಿಂದ ಮಣ್ಣು ಕೆರೆದ. "ಹ್ಯಾಂಡಲ್ ಎಲ್ಲಿ ತೂಗುಹಾಕ್ತೀನಿ ಅಂತ ನಿನಗೆ ಗೊತ್ತೇ ಇದೆ. ನಾನಂತೂ ಏನೂ ಹೇಳಿಲ್ಲ, ಏನೂ ಕೇಳಿಲ್ಲ. ನಾಳೆ ಪೂರಾ ಚಾಪೆ ಮೇಲೆ ಕೂತಿರ್ತೀನಿ."

ಮರುದಿನ ಹೊತ್ತು ಮೂಡುವಾಗ ಬತೂಲ್ ಹೊಲಕ್ಕೆ ಹೋದಳು. ಒಂದು ಗಿಡವನ್ನು ಬಗ್ಗಿಸಿ ಬುಡದ ಹತ್ತಿರ ಉಗುರಿನಿಂದ ಚುಚ್ಚಿದಳು. ಒಳಗೆ ಇನ್ನೂ ಹಸಿ ಇತ್ತು. ಮೇಲೆ ಮಾತ್ರ ಕಾಂಡ ಟೊಳ್ಳಾಗಿತ್ತು, ಪಾತಿಯ ತುಂಬ ಹೂ ಬಿದ್ದಿದ್ದವು. ಇವತ್ತು ನೀರು ಮುಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆಳಗೆ ಖೋಜಲಿಯವರ ಹೊಲವೂ ಬಾಡಿತ್ತು, ಆದರೆ ಅದು ಜಿಗುಟು ಮಣ್ಣು. ಅದಕ್ಕೆ ಇನ್ನೂ ಒಂದೆರಡು ದಿನದ ಉಸಿರಿತ್ತು.

ಅವಳು ಎಂಜಿನ್ ಗುಡಿಸಲಿಗೆ ನಡೆದಳು. ತೋಬಿನ ಸೆರಗನ್ನು ಸೊಂಟಕ್ಕೆ ಬಿಗಿದಳು. ನದಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಪಂಪಿಗೆ ಕುಡಿಸಿದಳು. ಪೈಪು ತುಂಬಿ ಬಾಯಿಗೆ ಬರುವಷ್ಟರಲ್ಲಿ ತೋಳು ಬಿದ್ದುಹೋಗಿತ್ತು. ಹ್ಯಾಂಡಲ್ ಹಾಕಿ ತಿರುಗಿಸಿದಳು. ಎಂಜಿನ್ ಒಂದು ಸಲ ಸೀನಿ ಸುಮ್ಮನಾಯಿತು. ಮತ್ತೆ ತಿರುಗಿಸಿದಾಗ ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟಿಗೆ ಬಡಿಯಿತು. ಅವಳು ಎಂಜಿನ್ನಿನ ಅಪ್ಪ ಅಮ್ಮ ಇಬ್ಬರನ್ನೂ ಬೈದು, ಹಲ್ಲು ಕಚ್ಚಿ, ಮೈಯ ಭಾರವನ್ನೆಲ್ಲ ಹಾಕಿ ತಿರುಗಿಸಿದಳು. ಹೊಗೆ ಉಗುಳಿ, ಗುಡಿಸಲು ನಡುಗಿಸಿ, ಎಂಜಿನ್ ಹಿಡಿದುಕೊಂಡಿತು.

ಆ ಸದ್ದು ಊರಿನ ಗೋಡೆಗೋಡೆಗೂ ಹೋಗಿ ಬಡಿಯಿತು. ಈಗ ಯಾವ ಬಾಯಿ ಏನು ಹೇಳುತ್ತಿರಬಹುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕಾಲುವೆಯಲ್ಲಿ ನೀರು ಮುಂದಲೆ ಚಾಚಿಕೊಂಡು ಬಂತು. ಖೋಜಲಿಯವರ ಹೊಲದ ಬಾಯಿ ಎದುರು ಅವಳು ಸಲಿಕೆ ಹಿಡಿದು ನಿಂತಳು. ಅದನ್ನು ಮಣ್ಣಿನಿಂದ ಮುಚ್ಚಿಬಿಟ್ಟರೆ ನೀರು ನೇರ ತನ್ನ ಹೊಲಕ್ಕೆ. ಗಂಡಸರು ಬರುವಷ್ಟರಲ್ಲಿ ಅರ್ಧ ಹೊಲವಾದರೂ ಉಳಿಯುತ್ತದೆ. ಯಾರು ನೋಡುತ್ತಾರೆ? ಸತ್ತವರು ನೋಡುತ್ತಾರೆಯೇ?

ಅರ್ಧಕ್ಕೆ ನಿಂತಿದ್ದ ಪಾಳಿ ಅವರದು. ಸತ್ತವರ ಪಾಳಿ ಕದ್ದು ಬೆಳೆದ ಅವರೆಯನ್ನು ಬೇಯಿಸಿ ಅದಕ್ಕೆ ಎಳ್ಳೆಣ್ಣೆ ಹಾಕಿ ತಿಂದರೆ ತನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ಆ ಕ್ಷಣದಲ್ಲಿ ಅವಳಿಗೆ ಖೋಜಲಿಯವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅವರು ಅಷ್ಟು ಒಳ್ಳೆಯವರಾಗಿರದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಸಲಿಕೆಯಿಂದ ಅವರ ಹೊಲದ ಬಾಯನ್ನು ಅಗಲ ಮಾಡಿ ನೀರು ತಿರುಗಿಸಿದಳು.

ಅತ್ತ ಊರಿನಲ್ಲಿ ಆದದ್ದನ್ನು ಕರ್ರಾರ್ ಆಮೇಲೆ ಹೇಳಿದ. ಸದ್ದು ಕೇಳುತ್ತಲೇ ಚಾಪೆಯ ಮೇಲಿದ್ದ ಗಂಡಸರೆಲ್ಲ ತಲೆ ಎತ್ತಿದರಂತೆ. ಆದರೆ ಸತ್ತವರ ಹೆಸರಿನಲ್ಲಿ ಕುರಾನ್ ಓದು ನಡೆದಿತ್ತು. ಓದು ಮುಗಿಯದೆ ಎದ್ದು ಹೋಗುವುದು ಎಂಜಿನ್ ಹಾಕುವುದಕ್ಕಿಂತ ದೊಡ್ಡ ಅವಮಾನ. ಹಾಗಾಗಿ ಎಲ್ಲರೂ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದರು. ಓದುವ ಫಕೀ ಸಾಹೇಬರು ವಯಸ್ಸಾದವರು, ಒಂದಕ್ಷರ ನುಂಗುವವರಲ್ಲ. ತಾಜಸ್ಸಿರ್ ಮಾತ್ರ ಮೂರು ಸಲ ಕಾಲು ಬದಲಾಯಿಸಿದನಂತೆ.

ಅಷ್ಟು ಹೊತ್ತೂ ನೀರು ಖೋಜಲಿಯವರ ಪಾತಿಯಿಂದ ಪಾತಿಗೆ ಇಳಿಯಿತು. ಕೊನೆಯ ಪಾತಿ ತುಂಬುತ್ತಲೇ ಬತೂಲ್ ಆ ಹೊಲದ ಬಾಯಿಗೆ ಮಣ್ಣು ಮುಚ್ಚಿ, ಮೇಲಿನ ಕಾಲುವೆಗೆ ನೀರು ಬಿಟ್ಟು, ನೀರಿನ ಜೊತೆಗೇ ಓಡಿದಳು. ಮರಳು ಗಟಗಟ ಕುಡಿಯಿತು. ನೀರು ಅವಳ ಬದುವಿನ ಹತ್ತಿರ ಬಂದು ಮೊದಲ ಗಿಡಗಳ ಬುಡ ಮುಟ್ಟುವಾಗ ಎಂಜಿನ್ ನಿಂತಿತು.

ಗಂಡಸರು ಬಿಳಿ ಜಲ್ಲಾಬಿಯಾ ನಿಲುವಂಗಿಗಳಲ್ಲಿ ಗುಂಪಾಗಿ ಬರುತ್ತಿದ್ದರು. ಮುಂದೆ ತಾಜಸ್ಸಿರ್. ಹಿಂದೆ, ಎಂಜಿನ್ ನಿಲ್ಲಿಸಿ ಬಂದ ಹಾತಿಮ್. ಅವನ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು.

"ಏನೇ ಇದು ಬತೂಲ್?" ತಾಜಸ್ಸಿರ್ ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ನಿನಗೆ ಪಾಳಿ ಕೊಡಿಸಿದ ಮನುಷ್ಯನ ಮಣ್ಣು ಇನ್ನೂ ಒಣಗಿಲ್ಲ. ನಾಲ್ಕು ಅವರೆಕಾಳಿಗೆ ಮಾನ ಮಾರ್ಕೊಂಡೆಯಾ? ಅಪ್ಪನ ಹೆಸರು ಕೆಡಿಸಿದೆ."

"ಅಣ್ಣ, ನೀನು ಸುಮ್ಮನಿರು. ನಾನು ಹಾತಿಮ್ ಹತ್ರ ಮಾತಾಡ್ತೀನಿ." ಅವಳು ಸಲಿಕೆ ಊರಿ ನಿಂತಳು. "ಮಗಾ, ನಿನ್ನ ಕಾಲಿಗೆ ಬೀಳ್ತೀನಿ. ಇನ್ನೊಂದೇ ಒಂದು ಗಳಿಗೆ ನೀರು ಬಿಡು. ಆಮೇಲೆ ನನ್ನನ್ನ ಏನು ಬೇಕಾದ್ರೂ ಅನ್ನು."

"ಅತ್ತೆ," ಎಂದ ಹಾತಿಮ್. "ನಮ್ಮಪ್ಪನಿಗೆ ಹಿಡಿ ಮಣ್ಣು ಹಾಕೋಕೆ ನನಗೆ ಸಿಗಲಿಲ್ಲ. ಅವರಿಗೋಸ್ಕರ ಮೂರು ದಿನ ಊರು ಸುಮ್ಮನಿರ್ಲಿ ಅಂದ್ರೆ ಅದೂ ಹೆಚ್ಚಾಯ್ತಾ ನಿಮಗೆ?"

ಹಾಗನ್ನುತ್ತ ಅವನು ಅವಳತ್ತ ಹೆಜ್ಜೆ ಹಾಕಿದ. ಅಪ್ಪನ ಹೊಲದ ಅಂಚಿನಲ್ಲಿ ಕಾಲಿಟ್ಟವನೇ ಕಣಕಾಲವರೆಗೆ ಹೂತುಹೋದ. ಕಾಲು ಕಿತ್ತು ನೋಡಿದ. ಆಮೇಲೆ ತಲೆ ಎತ್ತಿ ಅಪ್ಪನ ಹೊಲವನ್ನು ಪೂರಾ ನೋಡಿದ. ಎಲ್ಲ ಪಾತಿಗಳಲ್ಲೂ ನೀರು ನಿಂತಿತ್ತು. ಮೇಲೆ, ಬತೂಲಳ ಹೊಲದಲ್ಲಿ, ಮೊದಲ ಸಾಲು ಮಾತ್ರ ಒದ್ದೆಯಾಗಿತ್ತು.

ಕರ್ರಾರ್ ಆಗಲೇ ಎಂಜಿನ್ ಕಡೆಗೆ ಅರ್ಧ ತಿರುಗಿದ್ದ. ಹಾತಿಮ್ ಒಂದು ಮಾತು ಅಂದರೆ ಸಾಕಿತ್ತು.

ಹಾತಿಮ್ ಬಾಯಿ ತೆರೆದ. ಅವನ ಹಿಂದೆ ಊರಿನ ಗಂಡಸರೆಲ್ಲ ನಿಂತಿದ್ದರು. ಎಂಜಿನ್ ನಿಲ್ಲಿಸಿದ್ದು ಅವನೇ, ತನ್ನ ಕೈಯಿಂದಲೇ. ಈಗ ಹಾಕು ಎಂದರೆ, ಅಪ್ಪನ ಸಾವಿಗೆ ತಡವಾಗಿ ಬಂದವನು ಅಪ್ಪನ ಚಾಪೆ ಎತ್ತುವ ಮೊದಲೇ ಎಂಜಿನ್ ಹಾಕಿಸಿದ ಎಂದಾಗುತ್ತದೆ. ಅವನ ಮುಖದಲ್ಲಿ ಅದೆಲ್ಲ ಬಂದು ಹೋದದ್ದನ್ನು ಬತೂಲ್ ನೋಡಿದಳು.

"ಚಾಪೆ ಎತ್ತಲಿ ಅತ್ತೆ," ಎಂದ ಕೊನೆಗೆ, ಅವಳ ಮುಖ ನೋಡದೆ. "ನಾಳೆ ಸಂಜೆ ಎತ್ತಿದ ತಕ್ಷಣ ಮೊದಲ ನೀರು ನಿಮಗೇ. ಬೇರೆ ಯಾರೂ ಮುಟ್ಟಬಾರದು. ಇದು ನನ್ನ ಮಾತು."

"ಅಪ್ಪನಿಗೆ ತಕ್ಕ ಮಗ," ಎಂದರು ಯಾರೋ ಹಿರಿಯರು. ಹೌದು ಹೌದು ಎಂದು ನಾಲ್ಕು ತಲೆ ಆಡಿದವು. ನಾಳೆ ಸಂಜೆ ಎಂದರೆ ಆ ಹೊಲಕ್ಕೆ ಏನರ್ಥ ಎಂದು ಗೊತ್ತಿಲ್ಲದವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಅವರೆ ಬೆಳೆದು ಬಲ್ಲವರು ಎಲ್ಲರೂ. ಬತೂಲ್‌ಗೆ ಕಿರುಚಬೇಕೆನ್ನಿಸಿತು. ಆದರೆ ಅವಳನ್ನು ಬೈಯುವುದನ್ನು ಬಿಟ್ಟು ಅವರೆಲ್ಲ ಈಗ ಅಷ್ಟೊಂದು ಮರ್ಯಾದೆಯಿಂದ ನಿಂತಿದ್ದರು, ಕಿರುಚಲು ಎದುರಿಗೆ ಯಾರೂ ಇಲ್ಲದಂತಾಗಿತ್ತು.

ಮೂರನೆಯ ದಿನದ ಸಂಜೆ ಚಾಪೆ ಎತ್ತಿದರು. ಕೊಟ್ಟ ಮಾತಿಗೆ ಹಾತಿಮ್ ತಪ್ಪಲಿಲ್ಲ. ಕರ್ರಾರ್ ಎಂಜಿನ್ ಹಾಕಿದ, ಗಂಡಸರು ತಾವೇ ಸಲಿಕೆ ಹಿಡಿದು ಬಂದು ಅವಳ ಪಾತಿ ಪಾತಿಗೂ ನೀರು ಕಟ್ಟಿದರು. ಅಷ್ಟು ಅಚ್ಚುಕಟ್ಟಾಗಿ ಆ ಹೊಲಕ್ಕೆ ಯಾವತ್ತೂ ನೀರು ಬಿದ್ದಿರಲಿಲ್ಲ. ಮಾರನೆಯ ಬೆಳಿಗ್ಗೆ ಬತೂಲ್ ಹೋಗಿ ನೋಡಿದಾಗ ಒದ್ದೆಯಾಗಿದ್ದ ಆ ಮೊದಲ ಸಾಲಿನ ಗಿಡಗಳು ತಲೆ ಎತ್ತಿದ್ದವು. ಉಳಿದದ್ದೆಲ್ಲ ನೀರಿನಲ್ಲಿ ನಿಂತ ಕಡ್ಡಿ. ಬದುವಿನ ಮೇಲೆ ತಾಜಸ್ಸಿರ್ ಕೈ ಕಟ್ಟಿ ನಿಂತಿದ್ದ.

"ದೇವರ ಇಚ್ಛೆ ತಂಗಿ," ಎಂದ ಮೃದುವಾಗಿ. "ಖರ್ಜೂರದ ಕಾಲಕ್ಕೆ ಬುಟ್ಟಿ ಕಳಿಸ್ತೀನಿ. ಒಂದಲ್ಲ, ಎರಡು ಕಳಿಸ್ತೀನಿ."

ಬತೂಲ್ ಕೈಕಾಲು ತೊಳೆದುಕೊಂಡು ಸಿತ್ತನಾಳ ಮನೆಗೆ ಹೋದಳು. ಬೇರೆ ಹೆಂಗಸರೆಲ್ಲ ಹೊರಟುಹೋಗಿದ್ದರು. ಸಿತ್ತನಾ ಮೊದಲ ಸಲ ಗೋಡೆ ಬಿಟ್ಟು ಅವಳ ಕಡೆ ತಿರುಗಿದಳು.

"ಮೊನ್ನೆ ಎಂಜಿನ್ ಸದ್ದು ಕೇಳಿಸ್ತು," ಎಂದಳು. "ಹಾಕಿದ್ದು ನೀನೇ ಅಂತೆ. ಎಲ್ಲರೂ ಲಬೋ ಲಬೋ ಅಂದ್ರು. ನನಗೆ ಮಾತ್ರ ಎಷ್ಟು ಹಾಯ್ ಅನ್ನಿಸ್ತು ಗೊತ್ತಾ? ಅವರೇ ಎದ್ದು ಹೊಲಕ್ಕೆ ಹೋದಂಗೆ ಇತ್ತು. ನನಗೂ ಮೊದಲ ದಿನದಿಂದ ಬಾಯಿ ತುದೀಲೇ ಇತ್ತು ಕಣೇ, ಎಂಜಿನ್ ಹಾಕಿಸಿ ಅಂತ ಹೇಳೋಣ ಅಂತ. ಗಂಡ ಸತ್ತ ದಿನವೇ ಅವರೆ ಚಿಂತೆ ಅಂತ ನೀವೆಲ್ಲ ಏನು ಅಂದ್ಕೋತೀರೋ ಅಂತ ನುಂಗ್ಕೊಂಡೆ."

ಮೊದಲ ದಿನ ಇಬ್ಬರೂ ಇದೇ ಚಾಪೆಯ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು.

"ನಮ್ಮ ಹೊಲಕ್ಕೆ ನೀರಾಯ್ತಾ?"

"ಆಯ್ತಕ್ಕಾ. ಕೊನೆ ಪಾತಿವರೆಗೂ."

"ನಿಂದಕ್ಕೆ?"

"ನಂದಕ್ಕೂ ಆಯ್ತು."

"ಹೂ ನಿಂತಿದೆಯಾ?"

"ನಿಂತಿದೆ."

ಸಿತ್ತನಾ ಎರಡೂ ಕೈ ಎತ್ತಿ ದೇವರನ್ನು ನೆನೆದಳು. ಪಕ್ಕದ ತಟ್ಟೆಯಿಂದ ಗುರ್ರಾಸಾ ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ಕೊನೆ ರಾತ್ರಿ ಕೂಡ ಅವರು ಅದನ್ನೇ ಕೇಳ್ತಿದ್ರು. ಬತೂಲ್ ಹೊಲ ನಿಲ್ಲುತ್ತಾ, ನಿಲ್ಲುತ್ತಾ ಅಂತ. ನಾನಂತೂ ಹೊರಗೆ ಬಂದು ನೋಡೋ ಹಾಗಿಲ್ಲ. ಕಾಯಿ ಬಿಟ್ಟಾಗ ಮೊದಲ ಕೊಯ್ಲು ನನಗೆ ತಂದ್ಕೊಡೇ. ಅವರ ಹೆಸರು ಹೇಳಿ ತಿಂತೀನಿ."

"ತರ್ತೀನಿ ಅಕ್ಕಾ," ಎಂದಳು ಬತೂಲ್.

ಹೊರಗೆ ಅಂಗಳದಲ್ಲಿ ಹಾತಿಮ್ ಹಿಂದಿನ ಸಂಜೆ ಎತ್ತಿದ್ದ ಚಾಪೆಗಳನ್ನು ಸುತ್ತಿ ಕಟ್ಟುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಹಾತಿಮ್," ಎಂದಳು, "ನಿಮ್ಮ ಹೊಲದಲ್ಲಿ ಕಾಯಿ ಬಿಟ್ಟಾಗ ನನಗೆ ಒಂದು ಮಡಿಲು ಕಿತ್ಕೊಳ್ಳೋಕೆ ಬಿಡ್ತೀಯಾ?"

"ಅಯ್ಯೋ, ಎಷ್ಟು ಬೇಕಾದ್ರೂ ತಗೊಳ್ಳಿ ಅತ್ತೆ. ಅದಕ್ಕೆ ಕೇಳ್ಬೇಕಾ?"

"ಅಷ್ಟೆಲ್ಲ ಬೇಡ. ಒಂದು ಮಡಿಲು ಸಾಕು. ನಿಮ್ಮಮ್ಮನಿಗೆ ನನ್ನ ಹೊಲದ ಕಾಯಿ ತಿನ್ಬೇಕಂತೆ."